ಬೆನ್ನ ಮೇಲಿನ ಕೈ

ಹಳೇ ಕುಸ್ತಿಯನ್ನು ಮೊಬೈಲಿನಲ್ಲಿ ನೋಡಿದರೂ ಸೋತವನ ಮೈಗೆ ಆದದ್ದೆಲ್ಲ ನೋಡಿದವರ ಮೈಗೂ ಆಗುವ ಕಾಲವದು. ಹಾಗಾಗಿ ಒಳ್ಳೇ ಪಂದ್ಯ ಯಾವುದೆಂದು ಕೇಳಿ ಬಂದವರನ್ನೆಲ್ಲ ಗರಡಿಯ ಎದುರು ಚಹಾದಂಗಡಿ ಇಟ್ಟಿದ್ದ ನೀಲವ್ವ ಮೊದಲು ಕೇಳುತ್ತಿದ್ದುದು, "ಸೊಂಟ ಗಟ್ಟಿ ಐತೇನು?"

ದರ್ಜಿ ರಫೀಕ ಹೆಸರಾಂತ ಪೈಲ್ವಾನರ ಪಂದ್ಯಗಳನ್ನೇ ನೋಡಿ ಕುತ್ತಿಗೆ ಉಳುಕಿಸಿಕೊಂಡಿದ್ದ. "ಯಾರೂ ನೋಡದ್ದು ಒಂದು ಹೇಳ್ರಿ ಅಕ್ಕಾ" ಎಂದ.

"ನಮ್ಮ ಮನಿಯವರು ಗೆದ್ದದ್ದು ಒಂದೈತಿ. ಕಡೀತನಕ ನೋಡು."

ಗಂಡ ತೀರಿಕೊಂಡ ಮೇಲೆ ಅದನ್ನು ನೋಡಿ ನೋಡಿ ಅವಳ ಮೈ ಜಡ್ಡುಗಟ್ಟಿತ್ತು. ಈಗ ಬರೀ ಚಿತ್ರ ಓಡುತ್ತಿತ್ತು, ಏನೂ ತಾಕುತ್ತಿರಲಿಲ್ಲ.

ರಫೀಕ ಬೆಂಚಿನ ಮೇಲೆ ಕೂತು ನೋಡಿದ. ನಡುವೆ ಒಮ್ಮೆ ನರಳಿದ. ನೀಲವ್ವ ಲೋಟ ತೊಳೆಯುತ್ತಿದ್ದಳು.

"ಹೆಂಗಿತ್ತು?"

"ಪಟ್ಟು ಸಾದಾನ ಅಕ್ಕಾ. ಆದ್ರ ಚಿತ್ ಮಾಡಿದ ಮ್ಯಾಲೆ ತಾವ ಎಬ್ಬಿಸಿ, ಬೆನ್ನಿನ ಮಣ್ಣು ಒರಸಿದ್ರು ನೋಡ್ರಿ..."

"ಕೈ ಬಿಸಿ ಇತ್ತೇನು?"

ರಫೀಕ ಬೆನ್ನು ಮುಟ್ಟಿ ನೋಡಿಕೊಂಡ. "ಇನ್ನೂ ಐತ್ರಿ."

ನೀಲವ್ವ ಇನ್ನೊಂದು ಲೋಟವನ್ನು ತಣ್ಣೀರಿನಲ್ಲಿ ಅದ್ದಿದಳು.

"ನಿನ್ನ ಗೆಳ್ಯಾರಿಗೂ ಹೇಳು" ಎಂದಳು.