ಕೋಟಿನ ಕೆಳಗೆ ಲುಂಗಿ

ಲ್ಯಾಪ್‌ಟಾಪಿನ ಪರದೆಯಲ್ಲಿ ಮೂವರು ಪ್ರೊಫೆಸರರು ಕಾಣಿಸಿದ್ದೇ ತಡ, ಮೇಜರ್ ಹುಲುಗೇಶ ಪಲ್ಟನ್ನಿನ ಅಭ್ಯಾಸದಂತೆ ದಡಕ್ಕನೆ ಎದ್ದು ಅಟೆನ್ಷನ್ನಿನಲ್ಲಿ ನಿಂತುಬಿಟ್ಟ. ಬಳ್ಳಾರಿಯ ಸೆಕೆಗೆಂದು ಕೋಟಿನ ಕೆಳಗೆ ಲುಂಗಿ ಸುತ್ತಿದ್ದದ್ದು ಆಮೇಲೆ ನೆನಪಾಯಿತು.

“ಕೂಡ್ರಲೇ, ಲುಂಗಿ ಕಾಣಾಕತ್ತೈತಿ,” ಎಂದು ಬಾಗಿಲ ಮರೆಯಿಂದ ಅಕ್ಕ ಪಂಪಾವತಿ ಪಿಸುಗುಟ್ಟಿದಳು. ಅದೂ ಮೈಕಿಗೆ ಬಿದ್ದಿರಬೇಕು.

ಅವನು ಕುಸಿದು ಕೂತ. ಲುಂಗಿಯನ್ನು ಮೇಜಿನಡಿ ಎಳೆದುಕೊಂಡ. ಸೇನೆ ಬಿಡುವುದಾಗಿ ಬರೆದುಕೊಟ್ಟಾಗಿತ್ತು. ಪ್ರವೇಶದ ಸಂದರ್ಶನಕ್ಕೆ ಕರೆದ ಬಿಸಿನೆಸ್ ಸ್ಕೂಲು ಇದೊಂದೇ. ಪರದೆಯಲ್ಲಿ ಇಬ್ಬರು ಗಂಡಸರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ನಡುವೆ ಕೂತಿದ್ದ ಹಿರಿಯ ಹೆಂಗಸು ಮಾತ್ರ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ಅವನ ಉಸಿರು ಹತೋಟಿಗೆ ಬರುವವರೆಗೂ ಒರೆಸಿದರು. ಆಮೇಲೆ ಅದನ್ನು ಹಾಕಿಕೊಂಡು, ಕನ್ನಡದಲ್ಲೇ ಅಂದರು:

“ನಮ್ಮ ಪರದೆಯಲ್ಲಿ ನೀವು ಈಗಷ್ಟೇ ಕಾಣಿಸಿದಿರಿ, ಮೇಜರ್. ಶುರು ಮಾಡೋಣವೇ?”