ಎರವಲು ಮಕ್ಕಳು

ಹಿಂದಿನ ಎರಡು ಸಾಲಿನ ಮಕ್ಕಳು ಈ ಶಾಲೆಯವಲ್ಲ ಎಂದು ಪುಂಡಲೀಕಪ್ಪನವರು ಹೊಸ್ತಿಲು ದಾಟುವಷ್ಟರಲ್ಲೇ ಖಾತ್ರಿ ಮಾಡಿಕೊಂಡರು. ಶಾಲಾ ಇನ್ಸ್‌ಪೆಕ್ಟರರ ಕಣ್ಣು ಅದು. ತಪಾಸಣೆಯ ಸುದ್ದಿ ಹೇಗೋ ಸೋರುವುದು, ಮಾಸ್ತರು ಎಲ್ಲಿಂದಲೋ ಮಕ್ಕಳನ್ನು ಎರವಲು ತಂದು ಕೂರಿಸುವುದು, ಅವರಿಗೇನು ಹೊಸದೇ? ಮುಂಡರಗಿ ಕಡೆ ಒಬ್ಬ ಮಹಾರಾಯ ಕುರಿ ಕಾಯುವ ಹುಡುಗರನ್ನೇ ಹಿಡಿದು ತಂದಿದ್ದ. ಹೆಸರು ಕರೆದರೆ ಒಬ್ಬನೂ ಓಗೊಡಲಿಲ್ಲ, ಹೊರಗಿದ್ದ ಕುರಿಗಳು ಮಾತ್ರ ಓಗೊಟ್ಟವು.

ಸಂಸ್ಥಾನದ ಆಳ್ವಿಕೆ ಹೋಗಿ, ಲಕ್ಷ್ಮೇಶ್ವರ ಶಿಗ್ಲಿ ಸುತ್ತಿನ ಹಳ್ಳಿಗಳು ಮುಂಬೈ ಸರ್ಕಾರಕ್ಕೆ ಸೇರಿ ಎರಡು ವರ್ಷವಾಗಿತ್ತು. ಶಾಲೆ ಕೇಳುವ ಊರು ಹೆಚ್ಚಾದವು, ಶಾಲಾ ಬೋರ್ಡಿನ ಹಣದ ಗಂಟು ಮಾತ್ರ ಅಷ್ಟೇ ಇತ್ತು. ಮಕ್ಕಳು ಸಾಲದ ಶಾಲೆ ಮುಚ್ಚಿ, ಅಲ್ಲಿಯ ಮಾಸ್ತರನನ್ನು ಬೇರೆ ಊರಿಗೆ ಹಾಕಿ ಎಂದು ಮೇಲಿನವರ ಹುಕುಂ. ಬಿಂಕದಕಟ್ಟಿಯ ಆಚೆ ಒಂದೂರಿನಲ್ಲಿ ಮಾಸ್ತರನೇ ಇಲ್ಲದೆ ಮಕ್ಕಳು ಬೇವಿನ ಗಿಡದ ಕೆಳಗೆ ಕಾಯುತ್ತಿದ್ದುದನ್ನು ಪುಂಡಲೀಕಪ್ಪನವರು ಕಣ್ಣಾರೆ ಕಂಡಿದ್ದರು. ಇಲ್ಲಿ ಸುಳ್ಳು ತಲೆ ತೋರಿಸಿದರೆ ಅಲ್ಲಿಯ ಮಕ್ಕಳ ಬಾಯಿಗೆ ಮಣ್ಣು. ಅದನ್ನು ನೆನೆದರೇ ಅವರಿಗೆ ಮೈ ಉರಿಯುತ್ತಿತ್ತು.

ಮುಂದಿನ ಸಾಲು ಚೊಕ್ಕವಾಗಿತ್ತು. ಎಣ್ಣೆ ಹಚ್ಚಿ ಬಾಚಿದ ತಲೆ, ಒಗೆದ ಅಂಗಿ, ಕೈಯಲ್ಲಿ ಬರೆಯುವ ಪಾಟಿ. ಕಳೆದ ಸಲ ಬಂದಿದ್ದ ಸಾಹೇಬರು ‘ಮಕ್ಕಳಿಗೆ ಸ್ವಚ್ಛತೆಯ ಗಂಧವಿಲ್ಲ’ ಎಂದು ಬರೆದು ಈ ಶಾಲೆಯ ಗ್ರಾಂಟಿಗೆ ಕತ್ತರಿ ಹಾಕಿದ್ದರು. ಪರವಾಗಿಲ್ಲ, ಮಾಸ್ತರನಿಗೆ ಬುದ್ಧಿ ಬಂದಿದೆ ಅಂದುಕೊಂಡರು. ಹಿಂದಿನ ಸಾಲು ನೋಡಿದರೆ ಗುಂಡಿಯಿಲ್ಲದ ಅಂಗಿ, ಕೆಲವಕ್ಕೆ ಅಂಗಿಯೇ ಇಲ್ಲ. ಪಾಟಿಯ ಬದಲು ನೆಲದ ಮೇಲೆ ಹರಡಿದ ಉಸುಕು. ಒಬ್ಬ ಹುಡುಗಿಯ ತೊಡೆಯ ಮೇಲೆ ಕೂಸು ಬೇರೆ. ಕೂಸು ಕಟ್ಟಿಕೊಂಡು ಶಾಲೆಗೆ ಯಾರಪ್ಪ ಬರುತ್ತಾರೆ? ಓಣಿಯಲ್ಲಿ ಆಡಿಸುತ್ತ ನಿಂತವಳನ್ನು ಹಾಗೇ ಒಳಗೆಳೆದು ಕೂರಿಸಿರಬೇಕು.

ಇನ್ನೊಂದಿತ್ತು. ಹಿಂದಿನವು ಪಾಠ ಬಿಟ್ಟು ಮುಂದಿನ ಮಕ್ಕಳನ್ನೇ ಪಿಳಿಪಿಳಿ ನೋಡುತ್ತಿದ್ದವು. ದಿನಾ ಜೊತೆಗೆ ಕೂರುವವರನ್ನು ಯಾರೂ ಹಾಗೆ ನೋಡುವುದಿಲ್ಲ.

“ಮಾಸ್ತರ, ಇವೆಲ್ಲಾ ನಿಮ್ಮ ಶಾಲಿ ಮಕ್ಕಳನ?”

ಕಳಕಪ್ಪ ಮಾಸ್ತರ ಧೋತರದ ತುದಿಯಿಂದ ಹಣೆ ಒರೆಸಿಕೊಂಡ. “ಹೌದ್ರಿ ಸಾಹೇಬ್ರ. ಇವು ದಿನಾ ಬರತಾವ್ರಿ,” ಎಂದು ಹಿಂದಿನ ಸಾಲಿನ ಕಡೆ ಕೈ ಮಾಡಿದ.

ಯಾರ ಬಗ್ಗೆ ಅಳುಕೋ ಅತ್ತಲೇ ಕೈ ಹೋಗುತ್ತದಲ್ಲ ಎಂದು ಪುಂಡಲೀಕಪ್ಪನವರಿಗೆ ಒಳಗೊಳಗೇ ನಗು ಬಂತು. ಮಗ್ಗಿ ಹೇಳಿಸಿ ಎಂದರು. “ನೀ ಹೇಳಪಾ,” ಎಂದು ಮಾಸ್ತರ ಮುಂದಿನ ಹುಡುಗನ ಬೆನ್ನು ತಟ್ಟಿದ. ಹುಡುಗ ಹದಿನಾರರ ಮಗ್ಗಿ ಗಡಗಡ ಒಪ್ಪಿಸಿದ. ಹಿಂದಿನವರನ್ನು ಮಾತ್ರ ಮಾಸ್ತರ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಭಲೆ, ಎರವಲು ಮಕ್ಕಳ ಹೆಸರನ್ನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದಾನೆ.

“ಬೀರವ್ವ, ನಿನ್ನಿ ಹೇಳಿದ್ದಿಯಲ್ಲ, ಹೇಳವಾ.”

ಕೂಸಿನ ಹುಡುಗಿ ಎದ್ದಳು. ಸಾಹೇಬರ ಬೂಟು ನೋಡಿದಳು, ಮುಂದಿನವನ ಬಿಳಿ ಅಂಗಿ ನೋಡಿದಳು. ಕೂಸನ್ನು ಅವುಚಿಕೊಂಡು ಹಾಗೇ ಕೂತುಬಿಟ್ಟಳು.

ನೀರು ಕುಡಿಯಲು ಬಿಟ್ಟರೆ ಹಿಂದಿನವು ದಡದಡ ಬಾವಿಯ ಕಡೆ ಓಡಿದವು. ಮುಂದಿನವು ಕೂತಲ್ಲಿಂದ ಕದಲಲಿಲ್ಲ. ಶಿಸ್ತು ಅಂದರೆ ಇದು. ಪುಂಡಲೀಕಪ್ಪನವರಿಗೆ ಇನ್ನೇನೂ ಪರೀಕ್ಷಿಸುವುದು ಉಳಿಯಲಿಲ್ಲ.

ಓಡಿದವು ತಿರುಗಿ ಬಂದೊಡನೆ ಹೇಳಿದರು. “ಹಿಂದಿನವ್ರೆಲ್ಲಾ ಏಳ್ರಿ. ಮನೀಗಿ ನಡೀರಿ. ನಾಳಿಂದ ಇಲ್ಲಿ ಬರಬ್ಯಾಡ್ರಿ.”

ಕಳಕಪ್ಪ ಅಡ್ಡ ಬಂದ. “ನಿಮ್ಮ ಕಾಲಿಗಿ ಬೀಳತೀನ್ರಿ ಸಾಹೇಬ್ರ. ಇದೊಂದ ಶಾಲಿ ಬಿಟ್ರ ಇವುಕ್ಕ ಗತಿ ಇಲ್ರಿ.”

“ಮುಂದಿನವರ ಗತಿ?”

ಮಾಸ್ತರ ಮುಂದಿನ ಸಾಲು ನೋಡಿದ, ನೆಲ ನೋಡಿದ. “ಅವು ಲಕ್ಷ್ಮೇಶ್ವರದ ಶಾಲಿಗಿ ಹೋಗತಾವ್ರಿ.”

“ಛಲೋ ಆತು. ಹಂಗಾದ್ರ ಈ ಶಾಲಿ ಮುಚ್ಚಿದ್ರ ಯಾರಿಗೂ ನಷ್ಟ ಇಲ್ಲ.”

“ಸಾಹೇಬ್ರ, ನನ್ನದು ತಪ್ಪಾಗೇತ್ರಿ. ಖರೆ ಏನಂದ್ರ...”

“ತಪ್ಪು ಒಪ್ಪಿಕೊಂಡ್ರಲ್ಲ, ಸಾಕು. ನಿಮ್ಮ ನೌಕರಿಗಿ ಕೈ ಹಚ್ಚೂದಿಲ್ಲ. ಸುಮ್ಮನಿರ್ರಿ.”

ನೌಕರಿಯ ಮಾತು ಬಂದದ್ದೇ ಕಳಕಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಮಕ್ಕಳು ಎದ್ದರು. ಬೀರವ್ವ ಉಸುಕಿನ ಮೇಲೆ ಬರೆದಿದ್ದನ್ನು ಅಂಗೈಯಿಂದ ಅಳಿಸಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಟಳು. ಪುಂಡಲೀಕಪ್ಪನವರಿಗೆ ಒಂದು ಗಳಿಗೆ ಅಯ್ಯೋ ಪಾಪ ಅನ್ನಿಸಿತು. ಬೇವಿನ ಗಿಡದ ಕೆಳಗೆ ಕಾಯುವವರನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡರು. ಶಾಲೆ ಮುಚ್ಚುವ ಶಿಫಾರಸನ್ನು ಅಲ್ಲೇ ಬರೆದು, ಸೈಕಲ್ಲಿನ ಮೇಲೆ ಬಂದಿದ್ದ ಜವಾನ ದ್ಯಾಮಪ್ಪನ ಕೈಯಲ್ಲಿ ಗದಗಿಗೆ ಕಳಿಸಿಬಿಟ್ಟರು.

ಸಂಜೆ ರಸ್ತೆಯ ಬದಿ ಮೋಟಾರಿಗೆ ಕಾಯುತ್ತ ನಿಂತಾಗ ಅವರ ಮನಸ್ಸು ಹಗುರವಾಗಿತ್ತು. ಒಂದು ಸುಳ್ಳು ಶಾಲೆ ಹೋಯಿತು, ಒಂದು ಖರೆ ಶಾಲೆಗೆ ಮಾಸ್ತರ ಸಿಕ್ಕ. ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಪಾಟಿ ಹಿಡಿದುಕೊಂಡು ಬಂದು ಅವರ ಪಕ್ಕದಲ್ಲೇ ನಿಂತವು. ಅವರಿಗೆ ಅಕ್ಕರೆ ಉಕ್ಕಿತು.

“ಶಾಣ್ಯಾರು ನೀವು. ಇಷ್ಟೊತ್ತಿನ್ಯಾಗ ಎಲ್ಲಿಗಿ ಹೊಂಟೀರಲೇ?”

“ನಮ್ಮೂರಿಗ್ರಿ, ಲಕ್ಷ್ಮೇಶ್ವರಕ್ಕ,” ಎಂದ ಮಗ್ಗಿ ಒಪ್ಪಿಸಿದ ಹುಡುಗ. “ನಿಮ್ಮ ಕಣ್ಣಿಗಿ ಶಾಲಿ ಛಂದ ಕಾಣ್ಲಿ ಅಂತ ಕಳಕಪ್ಪ ಕಾಕಾ ಇವತ್ತೊಂದ ದಿನ ನಮ್ಮನ್ನ ಕರಕೊಂಡ ಬಂದಾರ್ರಿ.”