ಉತ್ತರ ಕೊಡುವ ಕುರ್ಚಿ

ಅಧಿಕಾರಿಗಳ ಜೊತೆಗಿನ ಅಹವಾಲು ಸಭೆ ಶುರುವಾಗುವ ಮುನ್ನವೇ ಬಡಾವಣೆಯ ಅಧ್ಯಕ್ಷರು ತಮ್ಮ ಜಾಣತನ ತೋರಿಸಿಬಿಟ್ಟರು. "ಮಹಿಳೆಯರ ಪರವಾಗಿ ನಮ್ಮ ಇಸ್ತ್ರಿ ಅಂಗಡಿಯ ಅಕ್ಕ ವೇದಿಕೆಗೆ ಬರಬೇಕು" ಎಂದು ಕರೆದು, ಇನ್‌ಸ್ಪೆಕ್ಟರಿಗೂ ಹೆರಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ನಡುವೆ ಅವಳಿಗೊಂದು ಕುರ್ಚಿ ಹಾಕಿಸಿದರು. ಬೀದಿಯವರ ಬಾಯಲ್ಲಿ ಅವಳು ಮೈಕಮ್ಮ. ಅವಳು ಬೀದಿಯ ಆ ತುದಿಯಲ್ಲಿ ಬಾಯಿಬಿಟ್ಟರೆ ಈ ತುದಿಯಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ಇವತ್ತು ಅಧಿಕಾರಿಗಳ ಬೆವರಿಳಿಸಲೆಂದೇ ಎಲ್ಲರೂ ಅವಳನ್ನು ಒತ್ತಾಯ ಮಾಡಿ ಕರೆತಂದಿದ್ದರು. ಅವಳು ಮೇಲೆ ಹೋಗಿ ಕೂತಾಗ ಅದೇ ಜನ ಹೆಮ್ಮೆಯಿಂದ ಚಪ್ಪಾಳೆ ಬೇರೆ ತಟ್ಟಿದರು, ಪಾಪ.

ಚಪ್ಪಾಳೆ ನಿಂತ ಮೇಲೆ ಮೈಕಮ್ಮ ಎದ್ದಳು. "ನಮ್ಮ ಹೆರಿಗೆ ಆಸ್ಪತ್ರೆ ಕತ್ತಲಾಗ್ತಿದ್ದ ಹಾಗೇ ಯಾಕೆ ಬಾಗಿಲು ಹಾಕತ್ತೆ ಅಂತ..."

"ಅಕ್ಕಾ, ಕೂತ್ಕೊಳ್ಳಿ ಕೂತ್ಕೊಳ್ಳಿ," ಅಧ್ಯಕ್ಷರು ನಕ್ಕರು. "ಪ್ರಶ್ನೆ ಕೇಳೋದು ಕೆಳಗಿರೋರು. ವೇದಿಕೆ ಮೇಲಿರೋರು ಉತ್ತರ ಕೊಡೋರು. ಸಭೆ ಅಂದ್ಮೇಲೆ ಒಂದು ಪದ್ಧತಿ ಬೇಡ್ವಾ?"

ಮೈಕಮ್ಮ ಕೂತಳು. ಅವಳ ಬಾಯಿ ಮುಚ್ಚಿದ್ದನ್ನು ಆ ಬೀದಿ ನೋಡಿದ್ದು ಅದೇ ಮೊದಲು. ಮಾಡಲು ಬೇರೆ ಕೆಲಸವಿಲ್ಲದೆ ಅವಳು ಇನ್‌ಸ್ಪೆಕ್ಟರ ಅಂಗಿತೋಳಿನ ಗೆರೆಯನ್ನೇ ನೋಡುತ್ತಿದ್ದಳು. ಆ ಇಸ್ತ್ರಿ ಅವಳದೇ ಕೈಯದು.

ಕೊನೆಗೆ ಕೆಳಗಿನಿಂದ ಬೇಕರಿಯವನು ಧೈರ್ಯ ಮಾಡಿ ಅದೇ ಪ್ರಶ್ನೆ ಕೇಳಿದ. ಡಾಕ್ಟರು ಮೈಕಿಗೆ ಬಾಗಿದರು. "ರಾತ್ರಿ ಪಾಳಿಗೆ ಬರ್ತಿದ್ದ ನರ್ಸಮ್ಮನನ್ನ ಸೇತುವೆ ಕೆಳಗೆ ಕುಡುಕರು ಅಡ್ಡಗಟ್ಟಿ ಕೈ ಹಿಡಿದು ಎಳೆದಿದ್ದಾರೆ. ಪೊಲೀಸ್ ಕಾವಲಿಲ್ಲದೆ ಯಾರನ್ನ ಬಾ ಅನ್ನಲಿ?" ಇನ್‌ಸ್ಪೆಕ್ಟರು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಬಾಗಿಲು ಹಾಕಿರೋ ಆಸ್ಪತ್ರೆಗೆ ಕಾವಲು ಯಾಕೆ? ತೆಗೀಲಿ, ಕಳಿಸ್ತೀವಿ." "ನೀವು ಕಳಿಸಿ, ತೆಗೀತೀವಿ," ಎಂದರು ಡಾಕ್ಟರು. ಇಬ್ಬರೂ ಬಹಳ ಮರ್ಯಾದಸ್ಥರು. ನೀವು ಮೊದಲು, ನೀವು ಮೊದಲು ಎನ್ನುತ್ತ ಹೊಸ್ತಿಲಲ್ಲೇ ನಿಂತ ನೆಂಟರ ಹಾಗೆ. ಬೇಕರಿಯವನು ಯಾರ ಕಡೆ ತಲೆಯಾಡಿಸಬೇಕೆಂದು ತಿಳಿಯದೆ ಕೂತುಬಿಟ್ಟ. ಅಧ್ಯಕ್ಷರು ಗಡಿಯಾರ ನೋಡಿಕೊಂಡು, ವಂದನಾರ್ಪಣೆಯ ಚೀಟಿ ಜೇಬಿನಿಂದ ತೆಗೆದರು.

ಆಗ ಮೂರನೇ ಸಾಲಿನಲ್ಲಿ ಮೈಕಮ್ಮನ ಸೊಸೆ ಎದ್ದು ನಿಂತಳು. ದಿನ ತುಂಬಿದ ಬಸುರಿ. ಅತ್ತೆಯ ಗಂಟಲಿನ ಮುಂದೆ ಅವಳ ದನಿ ಮನೆಯೊಳಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೋದ ವರ್ಷ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ನೋವು ಬಂದಿತ್ತು, ಆಸ್ಪತ್ರೆಗೆ ಬೀಗ. ದೂರದ ದೊಡ್ಡಾಸ್ಪತ್ರೆಗೆ ಬಾಡಿಗೆ ಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಗ ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದವಳು ಮೈಕಮ್ಮ. ಆ ಸಂಕಟ ಅವಳ ಎದೆಯಿಂದ ಇನ್ನೂ ಇಳಿದಿಲ್ಲ. ಇನ್ನೊಂದು ಸಲ ಹಾಗಾಗಲು ಅವಳು ಬಿಡುವವಳೂ ಅಲ್ಲ.

"ಅತ್ತೇ," ಎಂದಳು ಸೊಸೆ. "ವೇದಿಕೆ ಮೇಲೆ ನೀವೂ ಇದ್ದೀರಲ್ಲ, ಅದಕ್ಕೇ ನಿಮ್ಮನ್ನೇ ಕೇಳ್ತೀನಿ. ನಂಗೆ ರಾತ್ರಿ ನೋವು ಬಂದ್ರೆ ನಮ್ಮ ಆಸ್ಪತ್ರೆ ತೆಗೆದಿರತ್ತಾ?"

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೈಕಮ್ಮ ಮೈಕನ್ನು ನಿಧಾನಕ್ಕೆ ತನ್ನ ಕಡೆ ಎಳೆದುಕೊಂಡಳು. ಅವಳಿಗೆ ಅದು ಬೇಕಿರಲಿಲ್ಲ ಅನ್ನುವುದು ಬೇರೆ ಮಾತು.

"ತೆಗೆದಿರತ್ತೆ ಮಗಳೇ. ನಾಳೆಯಿಂದ ರಾತ್ರಿಯಿಡೀ ತೆಗೆದಿರತ್ತೆ. ಕತ್ತಲಾಗೋ ಮುಂಚೆ ಒಬ್ಬ ಪೇದೆ ಬಂದು ಬಾಗಿಲಲ್ಲಿ ನಿಂತಿರ್ತಾರೆ. ನರ್ಸಮ್ಮನ್ನ ಸೇತುವೆ ದಾಟಿಸಿ ಕರ್ಕೊಂಡು ಬರೋದೂ ಪೊಲೀಸ್ನೋರೇ."

ಸಭೆ ಶಿಳ್ಳೆ ಹೊಡೆಯಿತು. ಅಧ್ಯಕ್ಷರ ಮುಖ ಹುಳ್ಳಗಾಯಿತು. "ಇದು... ಇದು ಅಕ್ಕನ ಸ್ವಂತ ಅಭಿಪ್ರಾಯ..."

"ಸ್ವಂತದ್ದಾಗಿದ್ರೆ ಕೆಳಗೆ ಕೂತು ಹೇಳ್ತಿದ್ದೆ. ಮೇಲೆ ಕೂರಿಸಿ, ಉತ್ತರ ಕೊಡು ಅಂದೋರು ನೀವು." ಅವಳು ಮೈಕನ್ನು ಇನ್‌ಸ್ಪೆಕ್ಟರ ಮುಂದಿಟ್ಟಳು. "ನಾನು ಹೇಳಿದ್ದು ತಪ್ಪಾಗಿದ್ರೆ, ಕಳಿಸಲ್ಲ ಅಂತ ನೀವೇ ಹೇಳ್ಬಿಡಿ ಸಾಹೇಬ್ರೇ. ಅವಳ ಮುಖ ನೋಡ್ಕೊಂಡು ಹೇಳಿ."

ಇನ್‌ಸ್ಪೆಕ್ಟರು ಮೂರನೇ ಸಾಲಿನತ್ತ ನೋಡಿದರು. ಬಸುರಿ ಇನ್ನೂ ನಿಂತೇ ಇದ್ದಳು. ಅವಳ ಆಚೀಚೆ ಒಬ್ಬೊಬ್ಬರಾಗಿ ಇಡೀ ಸಾಲು ಎದ್ದಿತ್ತು, ಹಿಂದಿನ ಸಾಲೂ ಏಳುತ್ತಿತ್ತು. ಇನ್‌ಸ್ಪೆಕ್ಟರು ಮೈಕಿಗೆ ಬಾಗಿ "ಕಳಿಸ್ತೀವಿ" ಎಂದರು. ಯಾರೂ ಕೇಳುವ ಮುಂಚೆಯೇ ಡಾಕ್ಟರು "ಹಾಗಾದ್ರೆ ತೆಗೀತೀವಿ" ಎಂದರು.

ವೇದಿಕೆ ಮೇಲೆ ಆಡಿದ ಮಾತು ವೇದಿಕೆ ಮೇಲೇ ಉಳಿಯುವುದನ್ನು ಬೀದಿ ಬೇಕಾದಷ್ಟು ಕಂಡಿತ್ತು. ಹಾಗಾಗಿ ಮರುದಿನ ಸಂಜೆ ಮೈಕಮ್ಮ ಅಂಗಡಿ ಬೇಗ ಮುಚ್ಚಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂತಳು. ಜೊತೆಗೆ ಸೊಸೆ, ಬೇಕರಿಯವನು, ಅರ್ಧ ಬೀದಿ. ಒಳಗೆ ಹಗಲು ಪಾಳಿಯ ನರ್ಸಮ್ಮ ಬೀಗ ಕೈಯಲ್ಲಿ ಹಿಡಿದು, ಹಾಕಲೋ ಬೇಡವೋ ಎಂದು ನಿಂತಿದ್ದಳು. ಬೆಳಕು ಹೋಗುತ್ತಿದ್ದಾಗ ಹೊಟ್ಟೆ ಮುಂದೆ ಬಂದ ಪೇದೆಯೊಬ್ಬ ಸೈಕಲ್ ತಳ್ಳಿಕೊಂಡು, ರಾತ್ರಿ ಪಾಳಿಯ ನರ್ಸಮ್ಮನನ್ನು ಸೇತುವೆ ದಾಟಿಸಿ ಕರೆದುಕೊಂಡು, ಗೊಣಗುತ್ತ ಬಂದ. ಹಗಲಿನ ನರ್ಸಮ್ಮ ಬೀಗವನ್ನು ಮೇಜಿನ ಮೇಲಿಟ್ಟು ಒಳಗಿನ ದೀಪಗಳನ್ನೆಲ್ಲ ಹಾಕಿದಳು.

ಪೇದೆ ಮೆಟ್ಟಿಲ ಮೇಲೆ ಜಾಗ ಮಾಡಿಕೊಂಡು ಕೂತು, ಸೊಸೆಯತ್ತ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಏನಮ್ಮಾ, ನನ್ನ ಈ ಡ್ಯೂಟಿ ಎಲ್ಲೀವರೆಗೆ? ಇವರ ಹೆರಿಗೆ ಆಗೋವರೆಗೆ ತಾನೇ?"

ಮೈಕಮ್ಮ ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು.

"ಈ ಬೀದೀಲಿ ಕೊನೇ ಮಗು ಹುಟ್ಟೋವರೆಗೆ."